ಜೆಟ್ ಲೀ ಫೋಟೋ ಹಾಕಿ ‘ಅಯ್ಯೋ ಪಾಪ’ ಅನ್ನೋದು ನಿಲ್ಲಿಸಿ

ಮಾನ್ಯ ಸಂಪಾದಕರೇ,

ಚೀನಾದ ಕುಂಗ್‌ಫು ಸಿನಿಮಾ ನಟ ಜೆಟ್ ಲೀ ಹೆಸರು ಬಂದ್ರೆ ಸಾಕು, 2018ರಲ್ಲಿ ವೈರಲ್ ಆದ ಅದೇ ಫೋಟೋ ಹಾಕ್ತಾರೆ, ಟಿಬೆಟ್‌ನಲ್ಲಿ ಅಭಿಮಾನಿ ಒಬ್ರ ಜೊತೆ ನಿಂತಿರೋದು, ಕೆಳಗೆ ‘ಹೇಗಿದ್ದವರು ಹೇಗಾಗೋದ್ರು’ ಅಂತ ಒಂದು ಲೈನು. ನಿಮ್ಮ ಸಿನಿಮಾ ಪುಟದಲ್ಲೂ ಅದನ್ನೇ ನೋಡಿ ತುಂಬಾ ಬೇಜಾರಾಯ್ತು. ತಮಗೆ ಹೈಪರ್‌ಥೈರಾಯ್ಡ್ (ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡೋ ಕಾಯಿಲೆ) ಇದೆ ಅಂತ ಅವರೇ 2013ರಲ್ಲಿ ಹೇಳಿದ್ರು, ಜೊತೆಗೆ ಕಾಲು, ಬೆನ್ನುಮೂಳೆಗೆಲ್ಲ ಹಳೇ ಪೆಟ್ಟು. ಚಿಕ್ಕಂದಿನಿಂದ ಮೈಯನ್ನೇ ಬಂಡವಾಳ ಮಾಡ್ಕೊಂಡು ದುಡಿದ ಮನುಷ್ಯ ಕಣ್ರೀ ಅವ್ರು.

ಹುಟ್ಟಿದ್ದು 1963ರಲ್ಲಿ ಬೀಜಿಂಗ್‌ನಲ್ಲಿ, ಎರಡು ವರ್ಷಕ್ಕೇ ಅಪ್ಪ ಹೋಗ್ಬಿಟ್ರು, ಎಂಟನೇ ವಯಸ್ಸಿಗೆ ವುಶು ಅನ್ನೋ ಚೀನಾದ ಸಮರಕಲೆ ಕಲಿಯೋಕೆ ಸೇರಿದ್ದು. 1974ರಲ್ಲಿ ಚೀನಾ ತಂಡದ ಜೊತೆ ಅಮೆರಿಕಕ್ಕೆ ಹೋಗಿ ವೈಟ್ ಹೌಸ್‌ನಲ್ಲಿ ಅಧ್ಯಕ್ಷ ನಿಕ್ಸನ್ ಎದುರು ಪ್ರದರ್ಶನ ಕೊಟ್ಟಾಗ ಇನ್ನೂ 11 ವರ್ಷ. ದೊಡ್ಡವನಾದ್ಮೇಲೆ ನನ್ನ ಬಾಡಿಗಾರ್ಡ್ ಆಗ್ತೀಯಾ ಅಂತ ನಿಕ್ಸನ್ ಕೇಳಿದ್ದಕ್ಕೆ, ಒಬ್ಬರನ್ನ ಅಲ್ಲ ನಮ್ಮ ದೇಶದ ಜನರನ್ನೆಲ್ಲ ಕಾಯ್ತೀನಿ ಅಂದೆ ಅಂತ ಅವರೇ ಹೇಳ್ಕೊಂಡಿದಾರೆ. ಆಮೇಲೆ ಐದು ಸಲ ನ್ಯಾಷನಲ್ ಚಾಂಪಿಯನ್. ಅವರು ನಟಿಸಿದ 1982ರ ‘ಶಾವೊಲಿನ್ ಟೆಂಪಲ್’ ನೋಡಿ ಹುಡುಗ್ರು ಮನೆ ಬಿಟ್ಟು ಚೀನಾದ ಹೆನಾನ್ ಪ್ರಾಂತ್ಯದಲ್ಲಿರೋ ಶಾವೊಲಿನ್ ಮಠದ ಕಡೆ ಓಡೋಕೆ ಶುರು ಮಾಡಿದ್ರಂತೆ, ಆ ಮಟ್ಟಕ್ಕೆ ಹುಚ್ಚು ಹಿಡಿಸಿದ ಸಿನಿಮಾ ಅದು.

ನಾನು ಕರಾಟೆ ಹೇಳ್ಕೊಡೋನು, ನಮ್ಮ ಕ್ಲಾಸಿನ ಮಕ್ಕಳಿಗೆ 2002ರ ‘ಹೀರೋ’ ಸಿನಿಮಾದಲ್ಲಿ ನಟ ಡಾನಿ ಯೆನ್ ಜೊತೆಗಿನ ಅವರ ಫೈಟ್ ತೋರಿಸ್ತಾ ಇರ್ತೀನಿ. ಮಳೆ ಹನಿ ಬೀಳ್ತಿರುತ್ತೆ, ಪಕ್ಕದಲ್ಲಿ ಕಣ್ಣು ಕಾಣದ ಮುದುಕ ತಂತಿವಾದ್ಯ ನುಡಿಸ್ತಿರ್ತಾನೆ, ಇಬ್ರೂ ಕಣ್ಣು ಮುಚ್ಚಿ ನಿಂತಲ್ಲೇ ಮನಸ್ಸಲ್ಲೇ ಹೊಡೆದಾಡ್ತಾರೆ. ಆ ನಿಲುವು ನೋಡಿ ಸಾರ್, ಭುಜದಲ್ಲಿ ಒಂಚೂರೂ ಬಿಗಿ ಇಲ್ಲ, ವರ್ಷಗಟ್ಟಲೆ ಬೆಳಗ್ಗೆ ಎದ್ದು ಪ್ರಾಕ್ಟೀಸ್ ಮಾಡದೆ ಅದು ಯಾರಿಗೂ ಬರಲ್ಲ.

ಇನ್ನೊಂದು ವಿಷ್ಯ ಯಾರೂ ಬರೆಯಲ್ಲ. ಹಾಲಿವುಡ್‌ನ ‘ಮ್ಯಾಟ್ರಿಕ್ಸ್’ ಸಿನಿಮಾದ ಮುಂದಿನ ಭಾಗಗಳಿಗೆ ಕರೆದಾಗ ಅವರು ಒಪ್ಪಲಿಲ್ಲ, ಯಾಕಂದ್ರೆ ಅವರ ವರಸೆಗಳನ್ನೆಲ್ಲ ಕಂಪ್ಯೂಟರಿಗೆ ರೆಕಾರ್ಡ್ ಮಾಡ್ಕೊಂಡು ಹಕ್ಕನ್ನ ತಾವೇ ಇಟ್ಕೋತೀವಿ ಅಂತ ಸಿನಿಮಾದವರು ಕೇಳಿದ್ರು ಅಂತ ಜೆಟ್ ಲೀ 2018ರಲ್ಲಿ ಹೇಳಿದ್ರು. ಜೀವನಪೂರ್ತಿ ಕಲಿತಿದ್ದು ಬೇರೆಯವರ ಆಸ್ತಿ ಆಗ್ಬಾರ್ದು ಅಂತ. ಈಗ ಎಐ ಬಂದು ಕಲಾವಿದರ ಮುಖ, ದನಿ ಎಲ್ಲ ಕಾಪಿ ಆಗ್ತಿರೋ ಟೈಮಲ್ಲಿ ಆ ಮಾತಿನ ಬೆಲೆ ಏನು ಅಂತ ನಮ್ಮ ನಟರು, ಸ್ಟಂಟ್ ಮಾಡೋರು ಎಲ್ರೂ ಯೋಚ್ನೆ ಮಾಡ್ಬೇಕು.

2004ರ ಸುನಾಮಿ ಟೈಮಲ್ಲಿ ಮಾಲ್ಡೀವ್ಸ್‌ನಲ್ಲಿ ಮಕ್ಕಳ ಜೊತೆ ನೀರಿಗೆ ಸಿಕ್ಕಿ ಬದುಕಿ ಬಂದ್ರು. ಅದಾದ್ಮೇಲೆ 2007ರಲ್ಲಿ ‘ವನ್ ಫೌಂಡೇಶನ್’ ಅನ್ನೋ ನೆರವು ಸಂಸ್ಥೆ ಶುರು ಮಾಡಿದ್ರು, ಒಬ್ಬೊಬ್ರು ತಿಂಗಳಿಗೆ ಒಂದು ಯುವಾನ್ (ಚೀನಾದ ಹಣ) ಕೊಡಿ ಸಾಕು ಅಂತ ಲೆಕ್ಕ, ಮಾರನೇ ವರ್ಷ ಚೀನಾದ ಸಿಚುವಾನ್‌ನಲ್ಲಿ ಭೂಕಂಪ ಆದಾಗ ಸಂತ್ರಸ್ತರ ನೆರವಿಗೆ ಆ ಸಂಸ್ಥೆ ನಿಂತ್ಕೊಂಡಿತು.

ದಯವಿಟ್ಟು ಭಾನುವಾರದ ಪುರವಣಿಲಿ ಅವರ ಬಗ್ಗೆ ಒಂದು ಪೂರ್ತಿ ಪುಟ ಬರೆಸಿ. ಕ್ಲಾಸಿನ ನೋಟಿಸ್ ಬೋರ್ಡಿಗೆ ನಾನೇ ಅಂಟಿಸ್ತೀನಿ.

ಇತಿ,
ನಿಮ್ಮ ಓದುಗ, ದಾವಣಗೆರೆ