ಪ್ರಭಾರ ಭತ್ಯೆ ಬೇಡ ಅಂತ ಬರೆದುಕೊಡಬೇಡ

ಚಿ. ವೇಣಿಗೆ ಅತ್ತೆಯ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿದ್ದಾಳೆ, ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದ ಕೊನೆಯ ಒಂದು ಸಾಲು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ: ‘ಪ್ರಭಾರ ಭತ್ಯೆ ತಗೊಂಡ್ರೆ ನಾಳೆ ಆಡಿಟ್‌ನವರು ಬಡ್ಡಿ ಸಮೇತ ವಸೂಲಿ ಮಾಡ್ತಾರಂತೆ ಅತ್ತೆ, ಬೇಡ ಅಂತ ಬರೆದುಕೊಟ್ಟುಬಿಡ್ತೀನಿ.’

ಬರೆದುಕೊಡಬೇಡ ಮಗಳೇ. ಮೊದಲು ಅಷ್ಟು ಹೇಳಿಬಿಡುತ್ತೇನೆ.

ನೀನು ಎಸ್‌ಡಿಎ, ದ್ವಿತೀಯ ದರ್ಜೆ ಸಹಾಯಕಿ. ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕರು, ನಿವೃತ್ತರಾದ ಮೇಲೆ ನಗದು ಶಾಖೆ ಸಮೇತ ಅವರ ಹುದ್ದೆಯನ್ನೂ ನಿನ್ನ ತಲೆಗೇ ಕಟ್ಟಿದ್ದಾರೆ. ಸ್ವಂತ ಕೆಲಸ ಬಿಡದೆ ಇನ್ನೊಂದು ಹುದ್ದೆಯನ್ನು ಪೂರ್ತಿಯಾಗಿ ನಿಭಾಯಿಸಿದರೆ ಅದು ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) ನಿಯಮ 68ರ ಹೆಚ್ಚುವರಿ ಪ್ರಭಾರ. ನಿನ್ನ ಕೆಲಸದಿಂದ ಬಿಡಿಸಿ ಮೇಲಿನ ಹುದ್ದೆಯಲ್ಲಷ್ಟೇ ಕೂರಿಸಿದ್ದರೆ ನಿಯಮ 32ರ ಸ್ವತಂತ್ರ ಪ್ರಭಾರ ಆಗುತ್ತಿತ್ತು. ಎರಡಕ್ಕೂ ಭತ್ಯೆ ಉಂಟು: ಮೊದಲ ಮೂರು ತಿಂಗಳು ಶೇ. 7.5, ಅಲ್ಲಿಂದಾಚೆಗೆ ಶೇ. 15. ಯಾವುದರ ಮೇಲೆ ಅನ್ನುವಲ್ಲೇ ಬಹಳ ಕಚೇರಿಗಳು ಎಡವುತ್ತವೆ. ನಿನ್ನ ಮೂಲವೇತನದ ಮೇಲಲ್ಲ, ಪ್ರಭಾರದ ಹುದ್ದೆಯ ವೇತನ ಶ್ರೇಣಿಯ ಕನಿಷ್ಠದ ಮೇಲೆ. 2024ರ ಆಗಸ್ಟ್ 1ರಿಂದ ಬಂದ ಶ್ರೇಣಿಯಲ್ಲಿ ಎಫ್‌ಡಿಎ ಹುದ್ದೆ ಶುರುವಾಗುವುದು 44,425ಕ್ಕೆ. ಅಂದರೆ ತಿಂಗಳಿಗೆ ಸುಮಾರು 3,332 ರೂಪಾಯಿ, ಮೂರು ತಿಂಗಳ ನಂತರ 6,664. ಹಳೇ ಕಡತದ ಮಾದರಿ ನೋಡಿ 27,650ರ ಮೇಲೆ ಲೆಕ್ಕ ಹಾಕಿದರೆ 2,074 ಬರುತ್ತದೆ. ಅದು 2018ರ ಶ್ರೇಣಿ.

ವಸೂಲಿ ಅನ್ನುವ ಪದವೇ ನಿನ್ನನ್ನು ಹೆದರಿಸಿದೆ. ಆ ಹೆದರಿಕೆ ಎಲ್ಲಿಂದ ಹುಟ್ಟುತ್ತದೆ ಅಂತ ನನಗೆ ಗೊತ್ತು. ಖಜಾನೆಯಲ್ಲಿ ಕೂತು ಬಿಲ್ಲು ನೋಡುವಾಗ ನಾವು ‘ಆದೇಶದ ಪ್ರತಿ ಲಗತ್ತಿಸಿಲ್ಲ’, ‘ಸಿಟಿಸಿ (ಪ್ರಭಾರ ಹಸ್ತಾಂತರದ ಪ್ರಮಾಣಪತ್ರ) ಇಲ್ಲ’ ಅಂತ ಒಂದು ಸಾಲು ಆಕ್ಷೇಪಣೆ ಬರೆದು ವಾಪಸ್ ಕಳಿಸುತ್ತಿದ್ದೆವು. ಕೌಂಟರಿನ ಆಚೆ ನಿಂತ ಹುಡುಗ ಹುಡುಗಿಯರಿಗೆ ಅದನ್ನು ಸರಿಮಾಡಿಸಿಕೊಳ್ಳುವುದು ಹೇಗೆ ಅಂತ ಯಾರೂ ಕೂರಿಸಿ ಹೇಳುತ್ತಿರಲಿಲ್ಲ. ಆ ಕೊರಗು ನನಗೆ ಈಗಲೂ ಇದೆ. ಆ ಒಂದು ಸಾಲೇ ಬಾಯಿಂದ ಬಾಯಿಗೆ ಹೋಗಿ ‘ಭತ್ಯೆ ತಗೊಂಡ್ರೆ ವಸೂಲಿ’ ಅಂತಾಗಿಬಿಟ್ಟಿದೆ.

ಬಂದ ವಸೂಲಿಗಳ ಕಾರಣ ನೋಡಿದರೆ ಹೆಚ್ಚಿನವು ಕಾಗದದ ಕೊರತೆಯವು. ಸಾಹೇಬರು ಬಾಯಲ್ಲಿ ಹೇಳಿದ್ದು, ಆದೇಶ ಇಲ್ಲ. ಆದೇಶ ಇದ್ದರೂ ‘ಕೆಲಸ ನೋಡಿಕೊಳ್ಳತಕ್ಕದ್ದು’ ಅಂತಷ್ಟೇ ಇದೆ, ನಿಯಮದ ಸಂಖ್ಯೆ ಇಲ್ಲ. ಹುದ್ದೆಗೆ ನೇಮಿಸುವ ಅಧಿಕಾರ ಇಲ್ಲದವರು ಸಹಿ ಹಾಕಿದ್ದಾರೆ. ಮಂಜೂರಾದ ಹುದ್ದೆಯೇ ಅದಲ್ಲ, ಬರೀ ಒಂದು ಶಾಖೆಯ ಕೆಲಸ. ಇಲ್ಲವೇ ಕಾಯಂ ನೌಕರ ಬಂದು ವರದಿ ಮಾಡಿಕೊಂಡ ಮೇಲೂ ಸಂಬಳದ ತಂತ್ರಾಂಶ ಎಚ್‌ಆರ್‌ಎಂಎಸ್‌ನಲ್ಲಿ ಭತ್ಯೆ ನಿಲ್ಲಿಸದೆ ಬಿಟ್ಟಿದ್ದಾರೆ. ಈ ಕೊನೆಯ ಎರಡರಲ್ಲಿ ಮಾತ್ರ ಭತ್ಯೆ ನಿಜವಾಗಿ ಸಲ್ಲುವುದಿಲ್ಲ. ಉಳಿದವನ್ನು ಮೊದಲೇ ಸರಿಮಾಡಿಕೊಳ್ಳಬಹುದು.

ನೀನು ಯೋಚಿಸದೆ ಬಿಟ್ಟ ಒಂದು ವಿಷಯ ಇದೆ, ನನಗೆ ಅದರದೇ ಚಿಂತೆ. ಭತ್ಯೆ ಬೇಡ ಅಂದ ಮಾತ್ರಕ್ಕೆ ಜವಾಬ್ದಾರಿ ಹೋಗುವುದಿಲ್ಲ. ನಗದು ಪುಸ್ತಕಕ್ಕೆ ಸಹಿ ನಿನ್ನದು, ಬೀರುವಿನ ಕೀಲಿ ನಿನ್ನ ಹತ್ತಿರ. ನಾಳೆ ರಸೀದಿ ಪುಸ್ತಕ ಒಂದು ಕಡಿಮೆ ಬಂದರೆ ‘ಇವಳು ಭತ್ಯೆ ತಗೊಂಡಿಲ್ಲ ಪಾಪ’ ಅಂತ ಯಾವ ಲೆಕ್ಕಪರಿಶೋಧಕರೂ ಬಿಡುವುದಿಲ್ಲ. ಬರವಣಿಗೆಯ ಆದೇಶ ಕೇಳು ಅಂತ ಹಟ ಹಿಡಿಯುತ್ತಿರುವುದು ಭತ್ಯೆಗಿಂತ ಹೆಚ್ಚಾಗಿ ಇದಕ್ಕೆ. ಯಾವ ದಿನಾಂಕದಿಂದ ನಿನ್ನದು, ಅದಕ್ಕೂ ಹಿಂದಿನದು ಯಾರದು ಅಂತ ಗೆರೆ ಎಳೆಯುವುದು ಆ ಆದೇಶ ಮತ್ತು ಸಿಟಿಸಿ ಎರಡೇ.

ಸಿಟಿಸಿ ಆಗಿದೆಯೋ ಇಲ್ಲವೋ ನೀನು ಬರೆದಿಲ್ಲ. ಆಗಿರದಿದ್ದರೆ ಈಗಲಾದರೂ ಮಾಡಿಸಿಕೋ. ದಿನಾಂಕದ ಜೊತೆ ಪೂರ್ವಾಹ್ನವೋ ಅಪರಾಹ್ನವೋ ಬರೆಯಬೇಕು. ಕೊಟ್ಟವರು, ತೆಗೆದುಕೊಂಡವರು ಇಬ್ಬರ ಸಹಿಯೂ ಬೇಕು. ನಿವೃತ್ತರಾದವರು ಸಿಗದಿದ್ದರೆ ಕಚೇರಿ ಮುಖ್ಯಸ್ಥರ ಸಮಕ್ಷಮ ಪಟ್ಟಿ ಮಾಡಿಸು. ನಗದು ಪುಸ್ತಕದ ಅಖೈರು ಶಿಲ್ಕು, ಅಂದರೆ ಕೊನೆಗೆ ಉಳಿದ ಹಣ, ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ. ಬಳಸದ ಚೆಕ್ಕಿನ ಹಾಳೆಗಳು ಇಂಥ ಸಂಖ್ಯೆಯಿಂದ ಇಂಥ ಸಂಖ್ಯೆಯವರೆಗೆ, ರಸೀದಿ ಪುಸ್ತಕಗಳೂ ಹಾಗೆಯೇ. ಇಷ್ಟು ವಿವರ ಯಾಕೆ ಈ ಮುದುಕಿಗೆ ಅಂತ ಬೇಸರ ಮಾಡಿಕೊಳ್ಳಬೇಡ.

ಮತ್ತೆ ಆ ವಸೂಲಿಯ ಮಾತಿಗೇ ಬರುತ್ತೇನೆ. 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಪಂಜಾಬಿನ ರಫೀಕ್ ಮಸೀಹ್ ಪ್ರಕರಣದಲ್ಲಿ ಯಾರಿಂದ ವಸೂಲಿ ಮಾಡಬಾರದು ಅಂತ ಪಟ್ಟಿಯನ್ನೇ ಕೊಟ್ಟಿದೆ. ಅದರಲ್ಲಿ ಮೂರನೇ ಮತ್ತು ನಾಲ್ಕನೇ ದರ್ಜೆಯ ನೌಕರರು ಇದ್ದಾರೆ. ನೀನು ‘ಸಿ’ ಗುಂಪಿನವಳು, ಅಂದರೆ ಆ ಮೂರನೇ ದರ್ಜೆಯವಳೇ. ತಪ್ಪಾಗಿ ಮೇಲಿನ ಹುದ್ದೆಯ ಕೆಲಸ ಮಾಡಿಸಿ ಅದಕ್ಕೆ ತಕ್ಕ ಸಂಬಳ ಕೊಟ್ಟಿದ್ದರೆ ಅದನ್ನೂ ಕಿತ್ತುಕೊಳ್ಳುವಂತಿಲ್ಲ. ನೌಕರ ಸುಳ್ಳು ಹೇಳಿ ಪಡೆದ ಹಣಕ್ಕೆ ಈ ರಕ್ಷಣೆ ಇಲ್ಲ. ‘ಹೆಚ್ಚು ಪಾವತಿಯಾದರೆ ಹಿಂದಿರುಗಿಸುತ್ತೇನೆ’ ಅಂತ ಮುಚ್ಚಳಿಕೆ ಬರೆದುಕೊಟ್ಟವರಿಗೆ ಇದು ಅನ್ವಯಿಸದು ಅಂತ 2016ರ ಜಗದೇವ್ ಸಿಂಗ್ ಪ್ರಕರಣದಲ್ಲಿ ಅದೇ ಕೋರ್ಟು ಹೇಳಿದೆ. ಆದ್ದರಿಂದ ಕಡತ ನೋಡುವ ವಿಷಯ ನಿರ್ವಾಹಕರು ಮುಂದಿಡುವ ಪ್ರತಿ ಕಾಗದವನ್ನೂ ಓದಿ ಸಹಿ ಮಾಡು.

ಕೆಲಸ ಮಾಡಿದವರಿಗೆ ಕೊಡಬೇಕು ಅನ್ನುವುದಕ್ಕೆ 1998ರ ಸೆಲ್ವರಾಜ್ ಪ್ರಕರಣವೂ ಇದೆ. ಅಂಡಮಾನಿನ ಆ ಶಿಕ್ಷಕರಿಂದ ಸ್ಕೌಟ್ಸ್ ಕಾರ್ಯದರ್ಶಿಯ ಕೆಲಸ ಮಾಡಿಸಿದ ಅವಧಿಗೆ, ಬಡ್ತಿ ಇಲ್ಲದಿದ್ದರೂ ಆ ಹುದ್ದೆಯ ಸಂಬಳ ಕೊಡಿ ಅಂತ ಕೋರ್ಟು ಹೇಳಿತು. ಹಾಗಂತ ಪ್ರಭಾರ ಸಿಕ್ಕಿತು, ಇನ್ನು ಎಫ್‌ಡಿಎ ಬಡ್ತಿ ನನ್ನದೇ ಅಂತ ಆಸೆ ಇಟ್ಟುಕೊಳ್ಳಬೇಡ. ಪ್ರಭಾರ ಬಡ್ತಿಯಲ್ಲ ಅಂತ 1991ರಲ್ಲೇ ತೀರ್ಪಾಗಿದೆ. ಜ್ಯೇಷ್ಠತೆಗೂ ಬಾರದು, ವಾರ್ಷಿಕ ವೇತನ ಬಡ್ತಿಗೂ ಸೇರದು.

ಕೇಂದ್ರ ಸರ್ಕಾರದ ಕಚೇರಿಯ ಗೆಳತಿ ಶೇ. 10 ಅಂದಳು ಅಂತ ಗೊಂದಲ ಮಾಡಿಕೊಂಡಿದ್ದೀಯ. ಅವರದು ಕೇಂದ್ರದ ಮೂಲ ನಿಯಮ ಎಫ್‌ಆರ್ 49, ಲೆಕ್ಕವೇ ಬೇರೆ. ಬರೀ ದಿನನಿತ್ಯದ ಕೆಲಸ ನೋಡಿಕೊಂಡರೆ ಅಲ್ಲಿ ಏನೂ ಸಿಗದು. ಅದನ್ನು ನಿನ್ನ ಅರ್ಜಿಯಲ್ಲಿ ಎಳೆದು ತರಬೇಡ.

ಅರ್ಜಿ ಚಿಕ್ಕದಾಗಿರಲಿ. ‘ಇಂಥ ದಿನಾಂಕದಿಂದ ಖಾಲಿ ಇರುವ ಎಫ್‌ಡಿಎ ಹುದ್ದೆಯ ಪೂರ್ಣ ಪ್ರಭಾರವನ್ನು ನನ್ನ ಕರ್ತವ್ಯದ ಜೊತೆಗೆ ನಿರ್ವಹಿಸುತ್ತಿದ್ದು, ನಿಯಮ 68ರಡಿ ಘಟನೋತ್ತರ ಆದೇಶ ಹೊರಡಿಸಿ ಪ್ರಭಾರ ಭತ್ಯೆ ಮಂಜೂರು ಮಾಡಲು ಕೋರುತ್ತೇನೆ.’ ಇಷ್ಟು ಸಾಕು. ಕಷ್ಟ ಸುಖ ಬರೆಯಬೇಡ, ಯಾರ ಮೇಲೂ ದೂರು ಬೇಡ. ಕಚೇರಿಯ ಟಪಾಲು ಶಾಖೆಯಲ್ಲಿ ಕೊಟ್ಟು ನಿನ್ನ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೋ. ಆದೇಶ ಬಂದ ಮೇಲೆ ಸೇವಾ ಪುಸ್ತಕದಲ್ಲಿ ನಮೂದಾಯಿತೇ ನೋಡು. ಕಾಯಂನವರು ಬಂದ ದಿನ ಇನ್ನೊಂದು ಸಿಟಿಸಿ ಮಾಡಿ, ಭತ್ಯೆ ನಿಲ್ಲಿಸಿ ಅಂತ ನೀನೇ ಸಂಬಳದ ಬಿಲ್ಲು ಮಾಡುವ ಬಟವಾಡೆ ಅಧಿಕಾರಿಗೆ ಬರೆದುಕೊಡು. ಮೇಲಿನವರು ಮುಖ ಸಣ್ಣ ಮಾಡಿಕೊಳ್ಳಬಹುದು, ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ಬೇಡ ಅಂತ ಈಗಾಗಲೇ ಬರೆದುಕೊಟ್ಟಿದ್ದರೆ ಹೆದರಬೇಡ. ಆ ಪತ್ರ ಹಿಂಪಡೆಯುತ್ತೇನೆ ಅಂತ ಎರಡು ಸಾಲು ಬರೆದು ಈ ಅರ್ಜಿಯ ಜೊತೆಗೇ ಕೊಡು. ಕರಡನ್ನು ಮೊದಲು ನನಗೆ ವಾಟ್ಸ್ಆಪ್ ಮಾಡು, ದಿನಾಂಕಗಳನ್ನು ಒಮ್ಮೆ ನೋಡಿ ಹೇಳುತ್ತೇನೆ.

ಇಂತಿ ನಿನ್ನ ಅತ್ತೆ