380 ಕಿಲೋಮೀಟರ್, ಆದ್ರೆ ದಾರಿನೇ ಇಲ್ಲ

ಸಂಪಾದಕರಿಗೆ ನಮಸ್ಕಾರ,

ಆರ್ಕ್ಟಿಕ್ ಬಗ್ಗೆ ಪತ್ರಿಕೆಗಳಲ್ಲಿ ಏನಾದ್ರೂ ಬಂದ್ರೆ ಹಿಮಕರಡಿ, ಕರಗೋ ಮಂಜು ಅಷ್ಟೇ, ಅಲ್ಲಿ ಬದುಕೋ ಜನ ಒಂದೂರಿಂದ ಇನ್ನೊಂದೂರಿಗೆ ಹೆಂಗೆ ಹೋಗ್ತಾರೆ ಅಂತ ಯಾರೂ ಬರೆಯಲ್ಲ, ಅದಕ್ಕೇ ಈ ಪತ್ರ.

ಕೆನಡಾದ ಉತ್ತರದ ತುದಿಯಲ್ಲಿರೋ ನುನಾವುಟ್ ಪ್ರದೇಶದಲ್ಲಿ ಗ್ರೀಸ್ ಫಿಯರ್ಡ್, ರೆಸೊಲ್ಯೂಟ್ ಬೇ ಅಂತ ಇನ್ಯೂಯಿಟ್ (ಆರ್ಕ್ಟಿಕ್‌ನ ಮೂಲನಿವಾಸಿ) ಜನರ ಎರಡು ಊರುಗಳಿವೆ. 2021ರ ಜನಗಣತಿ ಪ್ರಕಾರ ಮೊದಲನೇದ್ರಲ್ಲಿ 144 ಜನ, ಎರಡನೇದ್ರಲ್ಲಿ 183. ಗೋಡೆಗೆ ಹಾಕೋ ಮರ್ಕೇಟರ್ ಮ್ಯಾಪ್ (ಗುಂಡಗಿರೋ ಭೂಮಿನ ಚಪ್ಪಟೆ ಹಾಳೆ ಮೇಲೆ ತೋರಿಸೋ ಒಂದು ಬಗೆ) ನೋಡಿದ್ರೆ ಎರಡರ ಮಧ್ಯೆ ಸಾವಿರ ಕಿಮೀಗಿಂತ ಜಾಸ್ತಿ ಇರಬೇಕು ಅನ್ಸುತ್ತೆ, ಯಾಕಂದ್ರೆ 75 ಡಿಗ್ರಿ ಉತ್ತರದಲ್ಲಿ ಆ ಮ್ಯಾಪು ಎಲ್ಲಾನೂ ಹತ್ತಿರ ಹತ್ತಿರ ನಾಲ್ಕು ಪಟ್ಟು ಹಿಗ್ಗಿಸಿ ತೋರಿಸುತ್ತೆ, ಸಮಭಾಜಕದ ಹತ್ರ ಒಂದು ಡಿಗ್ರಿ ರೇಖಾಂಶ 111 ಕಿಮೀ ಆದ್ರೆ ಅಲ್ಲಿ ಬರೀ 29. ಗ್ಲೋಬ್ ಮೇಲೆ ಅಳೆದ್ರೆ ನೇರ ದೂರ ಸುಮಾರು 380 ಕಿಮೀ, ಅಷ್ಟೇ.

ಆದ್ರೆ ಈ 380ನ್ನ ನಂಬ್ಕೊಂಡು ಕೂರೋ ಹಾಗಿಲ್ಲ. ನುನಾವುಟ್‌ನ 25 ಊರುಗಳಲ್ಲಿ ಒಂದರಿಂದ ಇನ್ನೊಂದಕ್ಕೆ ರಸ್ತೆ ಇಲ್ಲ, ಸರಕಿನ ಹಡಗು ಬರೋದು ಬೇಸಿಗೆಲಿ ಮಾತ್ರ, ಉಳಿದದ್ದು ಟ್ವಿನ್ ಆಟರ್ ಅನ್ನೋ ಪುಟ್ಟ ವಿಮಾನ, ಗ್ರೀಸ್ ಫಿಯರ್ಡ್‌ನಲ್ಲಿ ಬೆಟ್ಟದ ಬುಡದಲ್ಲಿರೋ ಗಿಡ್ಡ ಜಲ್ಲಿ ರನ್‌ವೇ ಮೇಲೆ ಇಳೀಬೇಕು, ಗಾಳಿ ಜೋರಾದ್ರೆ ಮಂಜು ಮುಸುಕಿದ್ರೆ ಬರೋದೇ ಇಲ್ಲ. ಇಡೀ ನುನಾವುಟ್‌ಗೆ ಇರೋದು ಒಂದೇ ಆಸ್ಪತ್ರೆ, ಅದು ರಾಜಧಾನಿ ಇಕಾಲುಯಿಟ್‌ನಲ್ಲಿ. ಗ್ರೀಸ್ ಫಿಯರ್ಡ್‌ನಿಂದ ಅದು ಆಗ್ನೇಯಕ್ಕೆ ನೇರವಾಗಿ ಸುಮಾರು 1500 ಕಿಮೀ, ಆದ್ರೆ ವಿಮಾನ ಮೊದಲು ನೈರುತ್ಯಕ್ಕೆ ರೆಸೊಲ್ಯೂಟ್‌ಗೆ ಹೋಗಿ ಅಲ್ಲಿಂದ ತಿರುಗ್ಬೇಕು, ನಾನು ಲೆಕ್ಕ ಹಾಕಿದ್ರೆ 450 ಕಿಮೀಗಿಂತ ಜಾಸ್ತಿ ಸುತ್ತು. ಗರ್ಭಿಣಿ ಹೆರಿಗೆಗೆ ಅಂತ ಮನೆಯವರನ್ನ ಬಿಟ್ಟು ವಾರಗಟ್ಟಲೆ ಮುಂಚೆನೇ ಊರು ಬಿಡ್ಬೇಕು ಅಂದ್ರೆ ಯೋಚನೆ ಮಾಡಿ.

ನನಗೆ ಇದಕ್ಕಿಂತ ಸಂಕಟ ಆಗೋದು ಈ ಎರಡು ಊರು ಹುಟ್ಟಿದ ಕಥೆ ಓದಿದಾಗ. ಆ ಜನ ತಾವಾಗೇ ಅಲ್ಲಿಗೆ ಹೋದವರಲ್ಲ. 1953ರಲ್ಲಿ ಮತ್ತೆ 1955ರಲ್ಲಿ ಕೆನಡಾ ಸರ್ಕಾರ ಕ್ವಿಬೆಕ್‌ನ ಇನುಕ್‌ಜುವಾಕ್‌ನಿಂದ, ಈಗ ನುನಾವುಟ್‌ನಲ್ಲೇ ಇರೋ ಪಾಂಡ್ ಇನ್ಲೆಟ್‌ನಿಂದ ಕುಟುಂಬಗಳನ್ನ ಹಡಗು ಹತ್ತಿಸಿ ತಂದು ಬಿಡ್ತು, ಎರಡು ವರ್ಷ ನೋಡಿ ಬೇಡ ಅನ್ಸಿದ್ರೆ ವಾಪಸ್ ಕಳಿಸ್ತೀವಿ ಅಂದಿದ್ರು, ಕಳಿಸ್ಲಿಲ್ಲ. ಎಲ್ಲರೂ ಒಟ್ಟಿಗೇ ಇರ್ತೀವಿ ಅಂದ್ಕೊಂಡಿದ್ದ ನೆಂಟರಿಗೆ ಬೇರೆ ಬೇರೆ ಜಾಗಕ್ಕೆ ಹಾಕ್ತಾರೆ ಅಂತ ಗೊತ್ತಾಗಿದ್ದೇ ಹಡಗಿನ ಮೇಲೆ. ಅಂದ್ರೆ ನಾವು ವಿಮಾನದ ದೂರ ಅಂತ ಅಳೀತಿರೋ ಈ 380 ಕಿಮೀ ಅವತ್ತು ಒಂದೇ ಬಳಗದವರ ಮಧ್ಯೆ ಎಳೆದ ಗೆರೆ. ಸರ್ಕಾರ ಕ್ಷಮೆ ಕೇಳಿದ್ದು 2010ರ ಆಗಸ್ಟ್‌ನಲ್ಲಿ, ಅಷ್ಟೊತ್ತಿಗೆ ಹಡಗಿಂದ ಇಳಿದಿದ್ದ ಎಷ್ಟೋ ಹಿರಿಯರು ಇರಲೇ ಇಲ್ಲ. ಇನ್ಯೂಯಿಟ್ ಭಾಷೇಲಿ ಗ್ರೀಸ್ ಫಿಯರ್ಡ್ ಹೆಸರಿಗೆ ಯಾವತ್ತೂ ಕರಗದ ಜಾಗ ಅಂತ ಅರ್ಥ, ರೆಸೊಲ್ಯೂಟ್‌ದಕ್ಕೆ ಬೆಳಗೇ ಆಗದ ಜಾಗ ಅಂತ, ನವೆಂಬರ್‌ನಿಂದ ಫೆಬ್ರವರಿ ಶುರುವಿನವರೆಗೂ ಅಲ್ಲಿ ಸೂರ್ಯ ಹುಟ್ಟಲ್ಲ.

ನನ್ನ ಕೋರಿಕೆ ಇಷ್ಟೇ, ಮುಂದೆ ಉತ್ತರದ ಊರುಗಳ ಬಗ್ಗೆ ಮ್ಯಾಪ್ ಹಾಕಿದಾಗ ಕಿಮೀ ಜೊತೆಗೆ ರಸ್ತೆ ಇದೆಯೋ ಇಲ್ವೋ, ವಿಮಾನ ಯಾವ ಊರು ಸುತ್ಕೊಂಡು ಹೋಗುತ್ತೆ ಅನ್ನೋದನ್ನೂ ಒಂದು ಸಾಲು ಬರೀರಿ.

ಇಂತಿ,
ನಿಮ್ಮ ಓದುಗ