ನರ್ಸ್ ಆಗಿ ಕೆಲಸಕ್ಕೆ ಸೇರುತ್ತಿರುವ ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ರಿಸಲ್ಟ್ ಬಂದ ಸುದ್ದಿ, ಮೂರು ಆಸ್ಪತ್ರೆಗಳಿಂದ ಕರೆ ಬಂದ ಸುದ್ದಿ ಎರಡೂ ನಿಮ್ಮಮ್ಮನಿಂದ ತಿಳಿಯಿತು. ಮನೆಯಲ್ಲಿ ಈಗ ಊಟಕ್ಕೆ ಕೂತಾಗಲೆಲ್ಲ ಇದೇ ಚರ್ಚೆಯಂತೆ. ನಿಮ್ಮಜ್ಜ "ರೋಗಿಯ ಸೇವೆ ದೇವರ ಸೇವೆ, ಅಲ್ಲಿ ಸಂಬಳದ ಲೆಕ್ಕ ಹಾಕಬಾರದು" ಅನ್ನುತ್ತಾರೆ. ಮಾವ "ಸೇವೆ ಗೀವೆ ಬಿಡು, ಎರಡು ವರ್ಷ ಅನುಭವ ತಗೊಂಡು ಜರ್ಮನಿಗೆ ಹೋಗು" ಅನ್ನುತ್ತಾನೆ. ಯಾರ ಮಾತು ಸರಿ ಅಂತ ನನ್ನನ್ನು ಕೇಳಿದ್ದೀಯ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಇದು ವೃತ್ತಿ. ಕಲಿತು, ಅಳೆದು, ಬರೆದಿಟ್ಟು, ಸಂಬಳ ಪಡೆದು ಮಾಡುವ ವೃತ್ತಿ. ಅಜ್ಜ ಹೇಳುವ ಕರುಣೆ ಇಲ್ಲದೆ ಈ ಕೆಲಸಕ್ಕೆ ಯಾರೂ ಬರಬಾರದು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಮಲಗಿರುವವರಿಗೆ ನಿನ್ನ ಕರುಣೆ ಮುಟ್ಟುವುದು ನಿನ್ನ ಕೈಗಳ ಮೂಲಕ. ಆ ಕೈಗೆ ಕೆಲಸ ಬರದಿದ್ದರೆ ಮನಸ್ಸಿನಲ್ಲಿ ಎಷ್ಟಿದ್ದರೂ ಅವರಿಗೇನೂ ಸಿಗುವುದಿಲ್ಲ.

ನರ್ಸನ್ನು ಜನ 'ಸಿಸ್ಟರ್' ಅಂತ ಕರೆಯುವುದು ಕಾನ್ವೆಂಟಿನ ಸನ್ಯಾಸಿನಿಯರಿಂದ ಬಂದ ರೂಢಿ. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು 1886ರಲ್ಲಿ ಶುರು ಮಾಡಿದ್ದು ಗುಡ್ ಶೆಫರ್ಡ್ ಸನ್ಯಾಸಿನಿಯರು. ಅವರು ಸಂಬಳ ಕೇಳಲಿಲ್ಲ, ನಿಜ. ಆದರೆ ಅವರ ಊಟ, ವಸತಿ, ಕಾಯಿಲೆ, ಮುಪ್ಪು ಎಲ್ಲವನ್ನೂ ಮಠ ಹೊತ್ತುಕೊಂಡಿತ್ತು. ಫ್ಲಾರೆನ್ಸ್ ನೈಟಿಂಗೇಲ್ ಕೂಡ ಸಂಬಳವಿಲ್ಲದೆ ದುಡಿದವರೇ. ಅವರ ತಂದೆ ವರ್ಷಕ್ಕೆ 500 ಪೌಂಡ್ ಕೊಡುತ್ತಿದ್ದರು, ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಅದೇ ನೈಟಿಂಗೇಲ್ ಅವರ ಹೆಸರಿನ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆ ತೆರೆದಾಗ, ಕಲಿಯಲು ಬಂದ ಹೆಣ್ಣುಮಕ್ಕಳಿಗೆ ಊಟ, ವಸತಿಯ ಜೊತೆ ವರ್ಷಕ್ಕೆ 10 ಪೌಂಡ್ ಕೈಗೆ ಕೊಟ್ಟರು. ಕಲಿಯುವವರಿಗೇ ಹಣ ಕೊಟ್ಟ ಶಾಲೆ ಅದು! ಇವತ್ತು ಪಿಜಿಯಲ್ಲಿ ಬಾಡಿಗೆ ಕಟ್ಟಿ, ಕಾಲೇಜಿನ ಸಾಲ ತೀರಿಸಿ, ಊರಿಗೂ ಕಳಿಸಬೇಕಾದ ಹುಡುಗಿಗೆ ಸನ್ಯಾಸಿನಿಯ ತ್ಯಾಗವನ್ನು ಮಾತ್ರ ತೋರಿಸಿ, ಮಠ ಅವರಿಗೆ ಕೊಟ್ಟಿದ್ದನ್ನು ಮರೆಮಾಡುವುದು ಅನ್ಯಾಯ. 'ನಿಸ್ವಾರ್ಥ' ಅನ್ನುವ ಮಾತನ್ನು ಯಾರಾದರೂ ಹೇಳಿದಾಗ, ಅವರು ರೋಗಿಯ ಮಂಚದ ಪಕ್ಕ ನಿಂತು ಹೇಳುತ್ತಿದ್ದಾರೋ, ಸಂಬಳದ ಪಟ್ಟಿ ಮುಂದಿಟ್ಟುಕೊಂಡು ಹೇಳುತ್ತಿದ್ದಾರೋ ಅನ್ನುವುದನ್ನು ಗಮನಿಸು.

ಅರುಣಾ ಶಾನಭಾಗ್ ಅವರ ವಿಷಯ ನಿನಗೆ ಗೊತ್ತಿರಬೇಕು. ನಮ್ಮ ಹೊನ್ನಾವರದ ಹಳದೀಪುರದವರು, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ವಾರ್ಡ್ ಬಾಯ್ ಒಬ್ಬ ಹಲ್ಲೆ ಮಾಡಿದ. ಆಮೇಲೆ ಅವರು ಎದ್ದೇಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಹೆಚ್ಚು ಕಾಲ, ಅದೇ ಆಸ್ಪತ್ರೆಯ ನರ್ಸ್‌ಗಳು ಅವರನ್ನು ನೋಡಿಕೊಂಡರು. ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಗಿ 2011ರ ಮಾರ್ಚ್ 7ರಂದು ತೀರ್ಪು ಬಂದಾಗ, ಅಷ್ಟು ವರ್ಷ ಹಾಸಿಗೆ ಹಿಡಿದವರಿಗೆ ಬೆಡ್‌ಸೋರ್ (ಮಲಗಿದಲ್ಲೇ ಮಲಗಿ ಆಗುವ ಹುಣ್ಣು) ಆಗದಂತೆ ಕಾಪಾಡಿದ ಆ ನರ್ಸ್‌ಗಳನ್ನು ಕೋರ್ಟು ಬಾಯಿತುಂಬ ಹೊಗಳಿತು.

ಇದನ್ನು ಎಲ್ಲರೂ ತ್ಯಾಗದ ಕಥೆಯಾಗಿ ಹೇಳುತ್ತಾರೆ. ನೀನು ಇದನ್ನು ಡ್ಯೂಟಿ ರೋಸ್ಟರ್ ಕಣ್ಣಿನಿಂದ ಓದು. 41 ವರ್ಷದಲ್ಲಿ ಎಷ್ಟೋ ನರ್ಸ್‌ಗಳು ನಿವೃತ್ತರಾದರು, ಎಷ್ಟೋ ಮಂದಿ ಹೊಸಬರು ಬಂದರು. ಪ್ರೀತಿಯನ್ನು ಹಾಗೆ ಒಬ್ಬರಿಂದ ಒಬ್ಬರಿಗೆ ವರ್ಗಾಯಿಸಲು ಬರುವುದಿಲ್ಲ. ಕಲಿತ ಕೆಲಸವನ್ನು, ಪಾಳಿ ಬದಲಾಗುವಾಗ ರೋಗಿಯ ವಿವರ ಒಪ್ಪಿಸುವ ಹ್ಯಾಂಡೋವರನ್ನು, ಎಷ್ಟು ಗಂಟೆಗೆ ಯಾವ ಮಗ್ಗುಲು ಅನ್ನುವ ಬರಹವನ್ನು ವರ್ಗಾಯಿಸಬಹುದು. ಸಂಬಳ ಕೊಡುವ, ಪಾಳಿ ಬದಲಾಗುವ ಆಸ್ಪತ್ರೆ ಇದ್ದದ್ದರಿಂದಲೇ ಆ ಪ್ರೀತಿ 41 ವರ್ಷ ಬಾಳಿತು. ಬಟ್ಟೆ ಬದಲಿಸಲು ಸುರಕ್ಷಿತವಾದ ಒಂದು ಕೋಣೆ ಇಲ್ಲದಿರುವುದು ಎಂಥ ಅನಾಹುತಕ್ಕೆ ದಾರಿ ಮಾಡೀತು ಅನ್ನುವುದನ್ನೂ ಅದೇ ಘಟನೆ ಹೇಳುತ್ತದೆ. ಆಗ ಮುಂಬೈಯ ನರ್ಸ್‌ಗಳು ಮುಷ್ಕರ ಹೂಡಿ ರಕ್ಷಣೆ ಕೇಳಿದರು. ಕೇಳಿದವರು ಸ್ವಾರ್ಥಿಗಳೇ?

ಬೆಡ್‌ಸೋರ್ ಮಾತು ಬಂದದ್ದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನರ್ಸಿಂಗ್ ಅಂದರೇನು ಅಂತ ಕೇಳಿದವರಿಗೆ ನಾನು ತೋರಿಸುವುದು ಇದನ್ನೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಸೊಂಟದ ಎಲುಬಿನ ಮೇಲೆ ಬೀಳುತ್ತದೆ, ಆದ್ದರಿಂದ ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿ ಓರೆ ಮಾಡು. ಮೊಣಕಾಲುಗಳ ನಡುವೆ ಒಂದು ದಿಂಬು. ಮೀನಖಂಡದ ಕೆಳಗೆ ಇನ್ನೊಂದು, ಹಿಮ್ಮಡಿ ಹಾಸಿಗೆಗೆ ತಾಗದೆ ಗಾಳಿಯಲ್ಲಿ ನಿಲ್ಲುವ ಹಾಗೆ. ಎಳೆಯಬೇಡ. ಎಳೆದರೆ ಚರ್ಮ ಶೀಟಿಗೆ ಅಂಟಿಕೊಂಡು ಒಳಗಿನ ಮಾಂಸ ಮಾತ್ರ ಸರಿಯುತ್ತದೆ, ಸಣ್ಣ ರಕ್ತನಾಳಗಳು ಹರಿಯುತ್ತವೆ. ರೋಗಿಯ ಕೆಳಗೆ ಅಡ್ಡ ಹಾಸಿದ ಡ್ರಾ ಶೀಟಿನ ಎರಡು ಬದಿ ಇಬ್ಬರು ಹಿಡಿದು ಎತ್ತಬೇಕು. ಮಂಚದ ತಲೆಯನ್ನು 30 ಡಿಗ್ರಿಗಿಂತ ಎತ್ತರಿಸಿ ಹಾಗೇ ಬಿಟ್ಟರೂ ರೋಗಿ ಜಾರಿ ಇದೇ ಗತಿ. ಬೆನ್ನ ಕೆಳಭಾಗ, ಹಿಮ್ಮಡಿ, ಕಿವಿ, ತಲೆಯ ಹಿಂಭಾಗ ನೋಡು. ಕೆಂಪು ಕಂಡರೆ ಬೆರಳಿನಿಂದ ಒತ್ತಿ ಬಿಡು: ಬೆಳ್ಳಗಾಗಿ ಮತ್ತೆ ಕೆಂಪಾದರೆ ಸದ್ಯಕ್ಕೆ ಪರವಾಗಿಲ್ಲ, ಒತ್ತಿದರೂ ಕೆಂಪಾಗೇ ಉಳಿದರೆ ಹುಣ್ಣು ಶುರುವಾಗಿದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣಿಸುವುದಿಲ್ಲ, ಅಲ್ಲಿ ಬಿಸಿ ಇದೆಯೇ, ಗಟ್ಟಿಯಾಗಿದೆಯೇ ಅಂತ ಮುಟ್ಟಿ ನೋಡಬೇಕು. ಹಳಬರು ಕೆಲವರು ಸ್ಪಿರಿಟ್ ಹಾಕಿ ಉಜ್ಜಿ ಪೌಡರ್ ಹಾಕಲು ಹೇಳುತ್ತಾರೆ. ಕೆಂಪಾದ ಜಾಗವನ್ನು ಉಜ್ಜಲೇಬೇಡ.

ಈಗ ಲೆಕ್ಕ ಹಾಕು. ವಾರ್ಡಿನಲ್ಲಿ ಏಳಲಾರದವರು 8 ಮಂದಿ ಅಂತಿಟ್ಟುಕೋ. ಒಬ್ಬೊಬ್ಬರಿಗೆ ಇಬ್ಬರು ಸೇರಿ 5 ನಿಮಿಷ, ಅಂದರೆ ಒಂದು ಸುತ್ತಿಗೆ 40 ನಿಮಿಷ. 12 ಗಂಟೆಯ ನೈಟ್ ಡ್ಯೂಟಿಯಲ್ಲಿ ಆರು ಸುತ್ತು, ಒಟ್ಟು 4 ಗಂಟೆ, ಇಬ್ಬರದು. ಔಷಧಿ, ಡ್ರಿಪ್, ಹೊಸ ಅಡ್ಮಿಷನ್ ಎಲ್ಲ ಇದರ ಮೇಲೆ. ವಾರ್ಡಿನಲ್ಲಿ ನೀನೊಬ್ಬಳೇ ಇದ್ದರೆ ಆ ಇನ್ನೊಬ್ಬರು ಎಲ್ಲಿಂದ ಬರಬೇಕು? ರಾತ್ರಿ 2 ಗಂಟೆಯ ಸುತ್ತು ತಪ್ಪುತ್ತದೆ, ಬೆಳಿಗ್ಗೆ 6ಕ್ಕೆ ಚಾರ್ಟಿನಲ್ಲಿ ಎಲ್ಲ ಸುತ್ತಿಗೂ ಒಟ್ಟಿಗೆ ಟಿಕ್ ಬೀಳುತ್ತದೆ. ಹುಣ್ಣು ಶುರುವಾಗುವುದು ಅಲ್ಲಿ. ಕೇಂದ್ರ ಸರ್ಕಾರದ ಸ್ಟಾಫ್ ಇನ್‌ಸ್ಪೆಕ್ಷನ್ ಯೂನಿಟ್‌ನ ಮಾನದಂಡ ಸಾಮಾನ್ಯ ವಾರ್ಡಿಗೆ 6 ಹಾಸಿಗೆಗೆ ಒಬ್ಬ ನರ್ಸ್, ಐಸಿಯುಗೆ ಹಾಸಿಗೆಗೊಬ್ಬರು, ರಜೆಗಳಿಗಾಗಿ ಹೆಚ್ಚುವರಿ ಸಿಬ್ಬಂದಿ ಬೇರೆ ಅನ್ನುತ್ತದೆ. ಅದಕ್ಕೇ ನಾನು ಹೇಳುವುದು, ಸಿಬ್ಬಂದಿ ಸಾಲದು ಅಂತ ಕೇಳುವ ನರ್ಸ್ ಕೇಳುತ್ತಿರುವುದು ರೋಗಿಯ ಬೆನ್ನಿನ ಪರವಾಗಿ. ಮಾಡದೆ ಉಳಿದ ಕೆಲಸಕ್ಕೆ ಟಿಕ್ ಹಾಕಬೇಡ. "2 ಗಂಟೆಯ ಸುತ್ತು ಆಗಲಿಲ್ಲ, ಒಬ್ಬಳೇ ಇದ್ದೆ, ಇನ್‌ಚಾರ್ಜ್‌ಗೆ ತಿಳಿಸಲಾಗಿದೆ" ಅಂತ ಸಮಯ ಹಾಕಿ ಬರೆ. ಬೈಗುಳ ತಿಂದರೂ ಬರೆ.

ಉಸಿರಾಟದ ಎಣಿಕೆಯಲ್ಲೂ ಇದೇ ಕಳ್ಳತನ ನಡೆಯುತ್ತದೆ. ಯಾವ ವಾರ್ಡಿನ ಚಾರ್ಟ್ ತೆಗೆದರೂ ಎಲ್ಲರಿಗೂ 18, ಇಲ್ಲವೇ 20. ರೋಗಿ ಕೆಡುತ್ತಿದ್ದಾನೆ ಅಂತ ಬಿಪಿಗಿಂತ ಎಷ್ಟೋ ಮೊದಲು ಹೇಳುವುದು ಉಸಿರು. ನಾಡಿ ನೋಡುವವಳ ಹಾಗೆ ಕೈ ಹಿಡಿದುಕೊಂಡು, ಎದೆಯ ಮೇಲೆ ಕಣ್ಣಿಟ್ಟು, ಪೂರ್ತಿ 60 ಸೆಕೆಂಡು ಎಣಿಸು. ಎಣಿಸುತ್ತಿದ್ದೀಯ ಅಂತ ಗೊತ್ತಾದರೆ ಅವರ ಉಸಿರಿನ ಲಯವೇ ಬದಲಾಗುತ್ತದೆ.

ಇನ್ಸುಲಿನ್ ವಿಷಯದಲ್ಲಿ ಹೊಸಬರು ಎಡವುವುದು ಸಿರಿಂಜಿನಲ್ಲಿ. ನಮ್ಮಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್ ಇರುವ ವಯಲ್ ಸಾಮಾನ್ಯ, ಅದರ ಸಿರಿಂಜಿಗೆ ಕೆಂಪು ಮುಚ್ಚಳ. 100 ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ರೋಗಿ ಬೆವರಿ ಪ್ರಜ್ಞೆ ತಪ್ಪುತ್ತಾನೆ. ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲನ್ನು ನೇರವಾಗಿ ನರಕ್ಕೆ ಯಾವ ಕಾರಣಕ್ಕೂ ಕೊಡಬಾರದು, ಹೃದಯ ನಿಂತುಹೋಗುತ್ತದೆ. ಅದು ಡ್ರಿಪ್ಪಿನಲ್ಲಿ ಬೆರೆಸಿ ನಿಧಾನವಾಗಿ ಹೋಗಬೇಕಾದ ಔಷಧಿ, ಬೆರೆಸುವ ಮುಂಚೆ ಇನ್ನೊಬ್ಬರಿಗೆ ಆಂಪ್ಯೂಲ್ ತೋರಿಸು. ತಪ್ಪಾಯಿತು ಅಂತ ಗೊತ್ತಾದ ಕ್ಷಣ ಡಾಕ್ಟರಿಗೆ ಹೇಳು. ನರ್ಸ್ ಅಂದರೆ ದೇವತೆ ಅಂತ ಜನ ಹೊಗಳುವುದರಲ್ಲಿ ಇದೊಂದು ಅಪಾಯವಿದೆ: ದೇವತೆ ತಪ್ಪು ಮಾಡುವಂತಿಲ್ಲ, ಹಾಗಾಗಿ ನಾಚಿಕೆಯಿಂದ ಮುಚ್ಚಿಡುತ್ತಾಳೆ. ಮುಚ್ಚಿಟ್ಟ ಹತ್ತು ನಿಮಿಷದಲ್ಲಿ ಜೀವ ಹೋಗುತ್ತದೆ.

ನಿನ್ನ ಮೈಯನ್ನೂ ನೋಡಿಕೋ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ (0, 1, 6ನೇ ತಿಂಗಳು) ಆಗಿದೆಯೇ? ಆಗಿದ್ದರೆ ಆಂಟಿಬಾಡಿ ಪರೀಕ್ಷೆ ಮಾಡಿಸು, 10ಕ್ಕಿಂತ ಕಡಿಮೆ ಬಂದರೆ ಮತ್ತೆ ಹಾಕಿಸಬೇಕು. ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಬೇಡ, ಚುಚ್ಚುವುದು ಆಗಲೇ. ಚುಚ್ಚಿದರೆ ಹಿಂಡದೆ, ಬಾಯಿಗೆ ಇಡದೆ, ಸೋಪು ನೀರಿನಲ್ಲಿ ತೊಳೆದು ಕೂಡಲೇ ಕ್ಯಾಶುಯಾಲ್ಟಿಗೆ ಹೋಗು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 2 ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ, 28 ದಿನ ತಪ್ಪದೆ ನುಂಗಬೇಕು. ಡ್ಯೂಟಿ ಮುಗಿಯಲಿ ಅಂತ ಕಾಯುವ ಹುಡುಗಿಯರು ಬಹಳ. ಕಾಯಬೇಡ. ಕೈ ಮಾಡಲು ಬರುವ ರೋಗಿಯ ಕಡೆಯವರ ವಿಚಾರದಲ್ಲಿ, ಕರ್ನಾಟಕದಲ್ಲಿ 2009ರ ಕಾಯ್ದೆಯೊಂದಿದೆ, ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯಲು. ಅದು ನರ್ಸ್‌ಗಳಿಗೂ ಅನ್ವಯ.

ಸಂಬಳದ ಮಾತು. ಟ್ರೈನ್ಡ್ ನರ್ಸಸ್ ಅಸೋಸಿಯೇಷನ್ ಸುಪ್ರೀಂ ಕೋರ್ಟಿಗೆ ಹೋದದ್ದರಿಂದ 2016ರಲ್ಲಿ ಒಂದು ಸಮಿತಿ ಖಾಸಗಿ ಆಸ್ಪತ್ರೆಗಳಿಗೆ ಶಿಫಾರಸು ಮಾಡಿತು: 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ರಾಜ್ಯ ಸರ್ಕಾರದ ನರ್ಸಿಗೆ ಸಮನಾದ ಸಂಬಳ, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ 10ಕ್ಕೆ ಮೀರದಷ್ಟು ಕಡಿಮೆ, 50ರಿಂದ 100 ಇದ್ದರೆ ಶೇ 25ಕ್ಕೆ ಮೀರದಷ್ಟು ಕಡಿಮೆ, 50ರೊಳಗಾದರೂ ತಿಂಗಳಿಗೆ 20,000ಕ್ಕೆ ಇಳಿಯಬಾರದು. ಶಿಫಾರಸು ಅಷ್ಟೇ, ಪಾಲಿಸದವರೇ ಹೆಚ್ಚು. ಆದರೂ ಇಂಟರ್‌ವ್ಯೂನಲ್ಲಿ ಎಷ್ಟು ಹಾಸಿಗೆ ಅಂತ ಕೇಳು, ಈ ಲೆಕ್ಕ ನಿನಗೆ ಗೊತ್ತಿದೆ ಅಂತ ಅವರಿಗೂ ಗೊತ್ತಾಗಲಿ. ಒರಿಜಿನಲ್ ಸರ್ಟಿಫಿಕೇಟ್ ಯಾರ ಕೈಗೂ ಕೊಡಬೇಡ. ನೋಡಿ ವಾಪಸ್ ಕೊಡಲಿ, ಅಟೆಸ್ಟ್ ಮಾಡಿದ ಜೆರಾಕ್ಸ್ ಇಟ್ಟುಕೊಳ್ಳಲಿ. ಬಾಂಡ್ ಬರೆಸಿಕೊಂಡು ಮಾರ್ಕ್ಸ್ ಕಾರ್ಡ್ ಹಿಡಿದಿಟ್ಟು, ಬಿಡುತ್ತೇನೆ ಅಂದಾಗ ಲಕ್ಷ ಕೇಳುವ ಚಾಳಿ ಇನ್ನೂ ಇದೆ. ಪಿಎಫ್ ಕಟ್ಟುತ್ತಾರೆಯೇ, ಸಂಬಳ 21,000ದ ಒಳಗಿದ್ದರೆ ಇಎಸ್‌ಐ ಇದೆಯೇ, ವಾರದ ರಜೆ ಯಾವಾಗ, ನೈಟ್ ಡ್ಯೂಟಿ ಸತತವಾಗಿ ಎಷ್ಟು ದಿನ, ಇವೆಲ್ಲ ಬರಹದಲ್ಲಿ ಇರಲಿ. ಬಾಯಿಮಾತಿಗೆ ಸಹಿ ಹಾಕಬೇಡ.

ಮಾವ ಹೇಳಿದ ಜರ್ಮನಿ ತಪ್ಪೇನಲ್ಲ. ಆದರೆ ಭಾಷೆ ಕಲಿಯದೆ ಆಗದ ಮಾತು, ಈಗಿನಿಂದಲೇ ಶುರು ಮಾಡು. ಏಜೆಂಟ್ ನೋಂದಾಯಿತನೋ ಅಂತ ನೋಡು. ಅವನು ಪಡೆಯಬಹುದಾದ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬಾ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಆಸ್ಪತ್ರೆಯಿಂದ ಪೂರ್ತಿ ಸಂಬಳ ಕೇಳುವ ಕೈ ರೋಗಿಯ ಮುಂದೆ ಚಾಚಬಾರದು. ಹೆರಿಗೆ ವಾರ್ಡುಗಳಲ್ಲಿ ಮಗುವಿನ ಮುಖ ತೋರಿಸಲು ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಅಂತ ಕೇಳುವುದು ನಡೆಯುತ್ತದೆ. ಕೂಲಿ ಮಾಡುವವರು ಅದಕ್ಕೂ ಸಾಲ ಮಾಡುತ್ತಾರೆ. ಎಲ್ಲರೂ ಹಂಚಿಕೊಳ್ಳುವಾಗ ನೀನೊಬ್ಬಳು ಬೇಡ ಅನ್ನುವುದು ಕಷ್ಟ, ಮೊದಲ ದಿನವೇ ಅಂದುಬಿಡು, ಆಮೇಲೆ ಆಗುವುದಿಲ್ಲ. ಹಾಗೆಯೇ, ಪರದೆ ಎಳೆಯದೆ ಯಾರ ಬಟ್ಟೆಯನ್ನೂ ಸರಿಸಬೇಡ. ಪ್ರಜ್ಞೆ ಇಲ್ಲದವರಿಗೂ "ಅಮ್ಮಾ, ಈಗ ನಿಮ್ಮನ್ನು ಎಡಕ್ಕೆ ತಿರುಗಿಸುತ್ತೇನೆ" ಅಂತ ಹೇಳಿಯೇ ಕೈ ಹಾಕು.

ಮೂರು ಆಫರ್ ಲೆಟರುಗಳ ಫೋಟೋ ತೆಗೆದು ಕಳಿಸು, ಹಿಂದಿನ ಪುಟದ ಸಣ್ಣ ಅಕ್ಷರದ ಷರತ್ತುಗಳೂ ಬರಲಿ. ಭಾನುವಾರ ಮಧ್ಯಾಹ್ನ ಫೋನ್ ಮಾಡು, ಒಂದೊಂದೇ ಸಾಲು ಒಟ್ಟಿಗೆ ಓದೋಣ. ಅಲ್ಲಿಯವರೆಗೆ ಯಾವುದಕ್ಕೂ ಸಹಿ ಹಾಕಬೇಡ.

ನಿನ್ನ ಪ್ರೀತಿಯ
ದೊಡ್ಡಮ್ಮ